ಕಾವೇರಿಯ ಮೌನ, ಸಂಕವ್ವೆಯ ಅಂಕಿತ

ಅಂಗಡಿಯ ಮೇಲೆ ಮನೆ, ಮನೆಯ ಗೋಡೆಗೆ ನೆರೆಮನೆಯ ಗೋಡೆ: ಬೆಂಗಳೂರಿನ ಅಕ್ಕಿಪೇಟೆಯಂತಹ ಹಳೆಯ ಪೇಟೆಗಳ ಬಾಳು ಇದು. ಮನೆಯ ಮಾತು ಬೀದಿಗೆ ಬೀಳಬಾರದೆಂಬುದು ಇಂತಹ ಕಡೆ ಹೆಣ್ಣುಮಕ್ಕಳಿಗೆ ಹಿರಿಯರು ಕಲಿಸುತ್ತ ಬಂದ ಮೊದಲ ಪಾಠ. ಮಾನಕ್ಕೆ ಕಾವಲಾದ ಈ ಪಾಠವೇ ಮನಸ್ಸಿಗೆ ಸೆರೆಯಾಗುವ ಬಗೆಯನ್ನು ತ್ರಿವೇಣಿಯವರ (1928–1963) ‘ಶರಪಂಜರ’ದಷ್ಟು ನಿಷ್ಠುರವಾಗಿ ತೋರಿದ ಕನ್ನಡ ಕಥೆಗಳು ವಿರಳ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲೆ ಕಾದಂಬರಿಯನ್ನೋದದವರಿಗೂ ಕಾವೇರಿ ಪರಿಚಿತಳಾದಳು.

ಮದುವೆಗೆ ಮುಂಚಿನ ಕಹಿ ಘಟನೆಯೊಂದನ್ನು ಕಾವೇರಿ ಒಳಗೇ ಅದುಮಿಟ್ಟಿದ್ದಾಳೆ. ಹೆರಿಗೆಯ ನಂತರ ಅವಳ ಚಿತ್ತ ಕದಡುತ್ತದೆ. ಇಂತಹ ವ್ಯಾಧಿಗೆ ದೈಹಿಕ ಕಾರಣಗಳೂ ಉಂಟೆಂದು ಇಂದಿನ ವೈದ್ಯಶಾಸ್ತ್ರ ಹೇಳುವುದರಿಂದ ಎಲ್ಲವನ್ನೂ ಹಳೆಯ ನೆನಪಿನ ತಲೆಗೆ ಕಟ್ಟಲಾಗದು. ಆದರೆ ಅದುಮಿದ್ದು ಅಳಿಯುವುದಿಲ್ಲವೆಂಬ ಒಳನೋಟ ಹುಸಿಯಲ್ಲ. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು, ಬಿಳಿ ಕರಡಿಯನ್ನು ನೆನೆಯಬೇಡಿರೆಂದು ಕೆಲವರಿಗೆ ವಿಧಿಸಿ ಪರೀಕ್ಷಿಸಿದರು. ನಿರ್ಬಂಧ ತೆಗೆದ ಮೇಲೆ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಅವರಿಗೇ ಕರಡಿ ಹೆಚ್ಚಾಗಿ ನೆನಪಾಯಿತು. ಕರಡಿಯ ಪಾಡೇ ಹೀಗಾದರೆ ಗಾಯದ ಪಾಡೇನು?

ಬಚ್ಚಿಟ್ಟದ್ದೇ ಕಾವೇರಿಯ ದುರಂತಕ್ಕೆ ಮೂಲವೆಂದು ಓದುವುದು ವಾಡಿಕೆ. ಈ ಓದು ಅರ್ಧದಲ್ಲೇ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಅವಳು ಗುಣಹೊಂದುತ್ತಾಳೆ. ಮರಳಿ ಕೆಡುವುದು ಮನೆಯಲ್ಲಿ. ಪತಿ ದೂರ ಸರಿಯುತ್ತಾನೆ, ನೆರೆಹೊರೆಯವರು ಅವಳಲ್ಲಿ ಹುಚ್ಚಿಯನ್ನಲ್ಲದೆ ಬೇರೇನನ್ನೂ ಕಾಣರು. ಬಚ್ಚಿಟ್ಟಾಗ ರೋಗ, ಬಯಲಾದಾಗ ಬಹಿಷ್ಕಾರ. ಕೊರತೆಯಿರುವುದು ಅವಳ ನಾಲಗೆಯಲ್ಲಲ್ಲ, ಸುತ್ತಲಿನವರ ಕಿವಿಯಲ್ಲಿ.

ಇಲ್ಲಿ ಸೂಳೆ ಸಂಕವ್ವೆಯನ್ನು ನೆನೆಯುವುದು ಉಚಿತ. ಈ ಶರಣೆಯದಾಗಿ ದೊರೆತಿರುವುದು ಒಂದೇ ವಚನ. ತನ್ನ ವೃತ್ತಿಯ ವ್ಯವಹಾರವನ್ನೇ ಅವಳು ವ್ರತನಿಷ್ಠೆಗೆ ದೃಷ್ಟಾಂತವಾಗಿಸುತ್ತಾಳೆ. ಲೋಕವು ನಾಚಿ ಮುಚ್ಚಿಕೊಳ್ಳೆಂದದ್ದನ್ನು ಇಷ್ಟದೈವದ ಹೆಸರಿನಲ್ಲಿಯೇ ಎತ್ತಿ ಹಿಡಿಯುತ್ತಾಳೆ. ಅವಳ ಅಂಕಿತ ‘ನಿರ್ಲಜ್ಜೇಶ್ವರ’. ಇದನ್ನು ಪಾಪನಿವೇದನೆಯೆಂದು ವ್ಯಾಖ್ಯಾನಿಸುವುದು ಅವಳಿಗೆ ಮಾಡುವ ಅಪಚಾರ. ಅಲ್ಲಿ ಕ್ಷಮಾಯಾಚನೆಯ ಸ್ವರವಿಲ್ಲ. ಶರಣಸಂಗವೆಂಬ ಕೇಳುವ ಬಳಗವೊಂದಿದ್ದುದರಿಂದಲೇ ಆ ಮಾತು ವಚನವಾಗಿ ಉಳಿಯಿತು.

ಹಾಗೆಂದು ನೊಂದವರ ಬಾಯನ್ನು ಬಲವಂತದಿಂದ ಬಿಡಿಸಲು ವಚನಗಳು ಸನದು ಕೊಡವು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಸಂಕವ್ವೆಯದೇ ನಿರ್ಧಾರ. ತನ್ನ ಬಳಿಗೆ ಬಂದವರ ಹೆಸರಾಗಲಿ, ತಾನು ಆ ವೃತ್ತಿಗೆ ಬಿದ್ದ ಬಗೆಯಾಗಲಿ ಆ ವಚನದಲ್ಲಿಲ್ಲ.