ಮೃಗಪಾತ್ರಗಳ ಯುದ್ಧಕವಚ

ಮೃಗಗಳಿಗೆ ಮಾತು ಕೊಟ್ಟು ಕಥೆ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ. ಕ್ರಿ. ಶ. ೧೦೩೧ರಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಚಂಪೂರೂಪದಲ್ಲಿ ರಚಿಸಿದಂದಿನಿಂದ ಸಿಂಹ, ನರಿ, ಎತ್ತುಗಳು ನಮ್ಮ ಸಾಹಿತ್ಯದಲ್ಲಿ ರಾಜನೀತಿಯನ್ನು ನುಡಿಯುತ್ತ ಬಂದಿವೆ. ಆದರೆ ಆ ಮೃಗಗಳ ಮೈಗೆ ಏನನ್ನು ತೊಡಿಸಬೇಕೆಂಬ ಚಿಂತೆ ಕವಿಗೆ ಇರಲಿಲ್ಲ. ಮಾತಿನಿಂದ ಹೇಳುವ ಕಥೆಯಲ್ಲಿ ರೂಪವನ್ನು ತುಂಬಿಕೊಳ್ಳುವ ಕೆಲಸ ಓದುಗನ ಮನಸ್ಸಿನದು. ಕಾಮಿಕ್ಸ್ ಎಂದು ಹೆಸರಾದ ಚಿತ್ರಕಥೆಯಲ್ಲಿ ಈ ಸೌಕರ್ಯವಿಲ್ಲ. ಅದರಲ್ಲಿಯೂ ವಿಜ್ಞಾನಕಥೆಯೊಳಗೆ ಯುದ್ಧಕ್ಕೆ ಹೊರಟ ನಾಯಿಗೆ ಕವಚವನ್ನು ತೊಡಿಸಿದ ಚಿತ್ರಕಾರನು ಆ ಕವಚದ ತೂಕ, ಕೀಲು, ಕಟ್ಟು ಇವೆಲ್ಲಕ್ಕೂ ಉತ್ತರ ಹೇಳಬೇಕಾಗುತ್ತದೆ. ಇದನ್ನು ಕೇವಲ ಅಲಂಕಾರವೆಂದು ಎಣಿಸಿ ವಿಮರ್ಶಕರು ಮುಂದೆ ಸಾಗುವುದುಂಟು. ಕವಚವು ಪಾತ್ರರಚನೆಯ ಮುಖ್ಯಾಂಗವೆಂದೂ, ಅದು ತೊಟ್ಟ ಪ್ರಾಣಿಗಾಗಿ ಇರುವುದೋ ತೊಡಿಸಿದ ಒಡೆಯನಿಗಾಗಿ ಇರುವುದೋ ಎಂಬ ಪ್ರಶ್ನೆಯಿಂದಲೇ ಅದರ ಬೆಲೆಯನ್ನು ನಿರ್ಣಯಿಸಬೇಕೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಇದಕ್ಕೆ ಬೇಕಾದ ಒರೆಗಲ್ಲನ್ನು ದೂರ ಹುಡುಕಬೇಕಾಗಿಲ್ಲ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಮಾಯಸಂದ್ರದ ಸುತ್ತಲಿನ ಹಳ್ಳಿಗಳಲ್ಲಿ, ಟ್ರಾಕ್ಟರು ಬಂದು ಎತ್ತಿನ ಗಾಡಿಗಳು ವಿರಳವಾಗಿದ್ದರೂ ಎತ್ತಿಗೆ ಏನನ್ನು ಎಲ್ಲಿ ಕಟ್ಟಬೇಕೆಂಬ ತಿಳಿವಳಿಕೆ ಇನ್ನೂ ಅಳಿದಿಲ್ಲ. ನೊಗವು ಹಿಣಿಲಿನ ಮುಂದೆಯೇ ಕೂರಬೇಕು. ಒಂದಿಷ್ಟು ಸರಿದರೂ ಹೆಗಲು ಹುಣ್ಣಾಗುತ್ತದೆ. ಕುದುರೆಯ ಗೊರಸಿಗೆ ಒಂದೇ ಲಾಳವಾದರೆ, ಎತ್ತಿನದು ಸೀಳುಗೊರಸಾದಕಾರಣ ಅದರ ಲಾಳ ಎರಡು ತುಂಡಾಗಿರುತ್ತದೆ; ಒಂದೇ ತುಂಡನ್ನು ಹೊಡೆದರೆ ನಡೆಯುವಾಗ ಗೊರಸು ಅಗಲವಾಗಲು ಎಡೆಯಿರುವುದಿಲ್ಲ. ಮೂಗುದಾರ ಮಾತ್ರ ಎತ್ತಿನ ಹಿತಕ್ಕಾಗಿ ಇರತಕ್ಕದ್ದಲ್ಲ. ಅದು ಒಡೆಯನ ಕೈಯ ಮುಂಬರಿವು. ಹೀಗೆ ಒಂದೇ ಪಶುವಿನ ಮೈಮೇಲೆ ದೇಹದ ಅಳತೆಗೆ ಒಪ್ಪಿದ ಉಪಕರಣವೂ, ಒಡೆಯನ ಆಜ್ಞೆಯನ್ನು ಸಾರುವ ಉಪಕರಣವೂ ಜೊತೆಯಾಗಿ ಕಾಣುತ್ತವೆ. ಮೃಗಪಾತ್ರಗಳ ಕವಚವನ್ನು ಪರೀಕ್ಷಿಸುವವರು ಈ ಎರಡನ್ನೂ ಬೇರೆಬೇರೆಯಾಗಿ ನೋಡತಕ್ಕದ್ದು.

ಯುದ್ಧಮೃಗದ ಕವಚವೂ ಕನ್ನಡಿಗರಿಗೆ ಅಪರಿಚಿತವಲ್ಲ. ಗುಳ, ಪಕ್ಕರೆ, ಹಕ್ಕರಿಕೆ, ರೆಂಚೆ ಎಂಬ ಮಾತುಗಳು ಆನೆಕುದುರೆಗಳ ಮೈಗಾಪನ್ನು ಹೇಳುವುದಕ್ಕಾಗಿಯೇ ನಮ್ಮ ಹಳೆಯ ಕಾವ್ಯಗಳಲ್ಲಿ ಬಳಕೆಯಾಗಿವೆ. ಕುಮಾರವ್ಯಾಸನ ಯುದ್ಧಪರ್ವಗಳನ್ನು ಪಾಠಹೇಳುವ ಅಧ್ಯಾಪಕರು ಇವನ್ನು ಮೇಲಿಂದಮೇಲೆ ಕಂಡಿದ್ದಾರೆ. ಇಂತಹ ಕವಚದ ನಿಜವಾದ ಪ್ರಮಾಣವನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿರುವ ಭಾರತೀಯ ಆನೆಯ ಕವಚವನ್ನು ನೋಡಬೇಕು. ೧೮೦೧ರಲ್ಲಿ ಹಡಗೇರಿ ಹೋದ ಆ ಕವಚದಲ್ಲಿ ಈಗ ೫,೮೪೦ ಲೋಹದ ಫಲಕಗಳು ಉಳಿದಿವೆ. ತೂಕ ೧೧೮ ಕಿಲೋಗ್ರಾಂ. ನಾಲ್ಕು ಸಾವಿರ ಕಿಲೋಗ್ರಾಂ ತೂಗುವ ಆನೆಗೆ ಇದು ನೂರಕ್ಕೆ ಮೂರರಷ್ಟು ಹೊರೆ ಮಾತ್ರ. ಸಣ್ಣ ಫಲಕಗಳನ್ನು ಬಳೆಗಳಿಂದ ಒಂದಕ್ಕೊಂದು ಹೆಣೆದಿರುವುದರಿಂದ ಮೈ ಬಾಗಿದ ಕಡೆಗೆ ಕವಚವೂ ಬಾಗುತ್ತದೆ.

ಇದೇ ಕವಚವನ್ನು ಕುಗ್ಗಿಸಿ ಮೊಲಕ್ಕೆ ತೊಡಿಸಿದರೆ ಏನಾಗುವುದು? ಗೆಲಿಲಿಯೊ ೧೬೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಪ್ರಮಾಣನಿಯಮ ಇಲ್ಲಿ ಸಹಾಯಕ್ಕೆ ಬರುತ್ತದೆ. ದೇಹದ ಉದ್ದ ಹತ್ತರಲ್ಲೊಂದು ಪಾಲಾದರೆ ಮೈಯ ಹೊರಹರವು ನೂರರಲ್ಲೊಂದಾಗುತ್ತದೆ; ತೂಕವಾದರೋ ಸಾವಿರದಲ್ಲೊಂದಾಗುತ್ತದೆ. ಆದಕಾರಣ ಫಲಕದ ದಪ್ಪವನ್ನು ಹಾಗೆಯೇ ಇಟ್ಟರೆ, ಆನೆಗೆ ನೂರಕ್ಕೆ ಮೂರಾಗಿದ್ದ ಹೊರೆ ಮೊಲಕ್ಕೆ ನೂರಕ್ಕೆ ಮೂವತ್ತಾಗುವುದು. ಪ್ರಾಣಿ ಚಿಕ್ಕದಾದಷ್ಟೂ ಕವಚ ಕ್ರೂರವಾಗುತ್ತದೆ ಎಂಬುದು ಇದರ ತಾತ್ಪರ್ಯ. ಶಾಖದ ವಿಚಾರವೂ ಇಂತಹುದೇ. ನಾಯಿ ಮುಖ್ಯವಾಗಿ ಏದುಸಿರಿನಿಂದ ಮೈಯನ್ನು ತಣಿಸಿಕೊಳ್ಳುತ್ತದೆ. ಅದರ ಬಾಯನ್ನು ಬಿಗಿಯುವ ಶಿರಸ್ತ್ರಾಣ ಅದನ್ನು ಕೊಲ್ಲುವುದು. ಮೊಲಕ್ಕೆ ಕಿವಿಗಳೇ ಶಾಖವನ್ನು ಹೊರಹಾಕುವ ದಾರಿ. ಬೆಕ್ಕಿನ ಕೊರಳೆಲುಬು ಭುಜದ ಕೀಲಿಗೆ ಬಿಗಿಯಾಗಿ ಸೇರಿಲ್ಲವಾದ್ದರಿಂದ ಅದು ತಲೆ ತೂರಿದ ಸಂದಿಯಲ್ಲೆಲ್ಲ ಮೈಯನ್ನೂ ತೂರಿಸಬಲ್ಲದು. ಇಡಿಯಾದ ಎದೆಗವಚವು ಬೆಕ್ಕಿನಿಂದ ಅದರ ಬೆಕ್ಕುತನವನ್ನೇ ಕಸಿದುಕೊಳ್ಳುತ್ತದೆ.

ಚಿತ್ರಕಥೆಗಳಲ್ಲಿ ಈ ವಿಚಾರವನ್ನು ತಪ್ಪಿಸಿಕೊಳ್ಳುವ ಸುಲಭಮಾರ್ಗವೊಂದುಂಟು. ಅದು ಮೃಗವನ್ನು ಎರಡು ಕಾಲಿನ ಮೇಲೆ ನಿಲ್ಲಿಸುವುದು. ೧೯೮೪ರಲ್ಲಿ ಅಮೆರಿಕದ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬುವರು ಹೊರತಂದ ಯೋಧ ಆಮೆಗಳ ಕಥೆಯಲ್ಲಿ ಆಮೆಯ ಚಿಪ್ಪೇ ಹುಟ್ಟುಗವಚವಾಗಿದೆ. ಕೈಯಲ್ಲಿ ಮನುಷ್ಯರ ಆಯುಧಗಳಿವೆ. ಕಲ್ಪನೆ ಚಮತ್ಕಾರವಾದುದು, ಆದರೂ ಅಲ್ಲಿರುವುದು ಆಮೆಯ ವೇಷ ತೊಟ್ಟ ಹುಡುಗರೇ ಹೊರತು ಆಮೆಗಳಲ್ಲ. ಪಂಚತಂತ್ರದ ಮಂತ್ರಿಗಳಂತೆ ಅವರೂ ಮನುಷ್ಯಸ್ವಭಾವದ ದೃಷ್ಟಾಂತಗಳು. ಮೃಗವು ಮೃಗವಾಗಿಯೇ ಉಳಿದು ಕವಚ ತೊಟ್ಟಾಗಲೇ ಕಠಿನ ಪರೀಕ್ಷೆ ಪ್ರಾರಂಭವಾಗುತ್ತದೆ.

ಆ ಪರೀಕ್ಷೆಯನ್ನು ನೇರವಾಗಿ ಎದುರಿಸಿದ ಕೃತಿ, ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರಿಸಿದ ‘ವೀ ತ್ರೀ’. ೨೦೦೪ರಿಂದ ೨೦೦೫ರವರೆಗೆ ಮೂರು ಸಂಚಿಕೆಗಳಲ್ಲಿ ಬಂದ ಈ ಕಥೆಯಲ್ಲಿ ಒಂದು ನಾಯಿ, ಒಂದು ಬೆಕ್ಕು, ಒಂದು ಮೊಲ ಪಾತ್ರಗಳು. ಸರಕಾರದ ಪ್ರಯೋಗಶಾಲೆಯೊಂದು ಇವುಗಳನ್ನು ಯಂತ್ರಕವಚದೊಳಗೆ ಸೇರಿಸಿ ಕೊಲ್ಲುವ ಆಯುಧಗಳನ್ನಾಗಿ ಮಾಡಿದೆ. ಯಂತ್ರದ ಮೂಲಕ ಮುರುಕು ಮಾತನ್ನೂ ಕೊಟ್ಟಿದೆ. ಕೆಲಸ ತೀರಿದೊಡನೆ ಇವುಗಳನ್ನು ನಾಶಮಾಡಬೇಕೆಂದು ಆಜ್ಞೆಯಾಗುತ್ತದೆ. ತರಬೇತು ಕೊಟ್ಟ ವೈದ್ಯೆಯ ಕರುಣೆಯಿಂದ ಅವು ತಪ್ಪಿಸಿಕೊಂಡು, ಮನೆ ಎಂಬುದನ್ನು ಹುಡುಕುತ್ತ ಓಡುತ್ತವೆ.

ಕ್ವೈಟ್ಲಿಯ ಕವಚರಚನೆಯ ಮೊದಲ ಗುಣವೆಂದರೆ ಮೂರು ಪ್ರಾಣಿಗಳೂ ನಾಲ್ಕು ಕಾಲಿನ ಮೇಲೆಯೇ ಇರುವುದು, ಪ್ರತಿಯೊಂದರ ಆಯುಧವೂ ಅದರದರ ಜಾತಿಸ್ವಭಾವದಿಂದ ಹುಟ್ಟಿರುವುದು. ನಾಯಿ ಎದುರುನಿಂತು ಹೋರಾಡುವ ದೊಡ್ಡ ಯಂತ್ರ. ಬೆಕ್ಕು ಮರೆಯಲ್ಲಿ ಹೊಂಚಿ ಉಗುರುಗಳಂತಹ ಅಲಗುಗಳನ್ನು ಎಸೆಯುತ್ತದೆ. ಮೊಲವು ಹಿಕ್ಕೆ ಹಾಕುವಂತೆ ಸಿಡಿಮದ್ದುಗಳನ್ನು ಹಾದಿಯಲ್ಲಿ ಉದುರಿಸುತ್ತದೆ. ಬೆಕ್ಕಿನ ನೆಗೆತವನ್ನು ತೋರಿಸುವಲ್ಲಿ ಪುಟದ ಚೌಕಗಳು ಒಡೆದು ಚೂರುಗಳಾಗುತ್ತವೆ; ಮನುಷ್ಯನ ಕಣ್ಣಿಗೆ ನಿಲುಕದ ವೇಗ ಓದುಗನ ಅರಿವಿಗೆ ಬರುವುದು ಹೀಗೆ. ಎರಡನೆಯ ಗುಣ ಇದಕ್ಕಿಂತ ಆಳವಾದುದು. ಮೂರು ಕವಚಗಳ ಮೇಲೂ ಒಂದೇ ಕಾರ್ಖಾನೆಯ ಮುದ್ರೆಯಿದೆ. ಒಳಗಿನ ಪ್ರಾಣಿಗಳಿಗೆ ೧, ೨, ೩ ಎಂಬ ಅಂಕಿಗಳೇ ಹೆಸರು. ದೇಹಕ್ಕೆ ಒಪ್ಪಿದ ಕವಚವೇ ಅಂಕಿಯನ್ನು ಹೊರುವ ಮೂಗುದಾರವೂ ಆಗಿದೆ. ಅವುಗಳ ಹಳೆಯ ಹೆಸರುಗಳು ಸಂಚಿಕೆಗಳ ಹೊದಿಕೆಯ ಮೇಲೆ, ಕಳೆದುಹೋದ ಸಾಕುಪ್ರಾಣಿಗಾಗಿ ಬರೆದು ಅಂಟಿಸಿದ ಪ್ರಕಟಣೆಗಳ ರೂಪದಲ್ಲಿ, ಕಾಣುತ್ತವೆ.

ಹೆಸರಿನ ಈ ಪ್ರಶ್ನೆಯನ್ನು ಕನ್ನಡದ ವಾಚಕರು ಬಹು ಬೇಗ ಗ್ರಹಿಸುವರು. ಮಾಯಸಂದ್ರದಿಂದ ದಕ್ಷಿಣಕ್ಕೆ ನಾಗಮಂಗಲ ಸೀಮೆಯನ್ನು ದಾಟಿದರೆ ಮದ್ದೂರು ತಾಲ್ಲೂಕಿನ ಆತಕೂರು ಸಿಗುತ್ತದೆ. ಅಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ. ಶ. ೯೪೯-೫೦ರ ಶಾಸನವು ಕಾಳಿಯೆಂಬ ನಾಯಿಯ ಸ್ಮಾರಕ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗರ ಬೂತುಗನಿಂದ ಬಹುಮಾನವಾಗಿ ಈ ನಾಯಿಯನ್ನೇ ಬೇಡಿ ಪಡೆದನು, ಬೇಟೆಯಲ್ಲಿ ಅದು ದೊಡ್ಡ ಹಂದಿಯೊಡನೆ ಕಾದಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಶಿಲ್ಪವಿದೆ, ನಾಯಿಗೆ ಕವಚವಿಲ್ಲ. ಕಾಳಿಯೂ ಒಡೆಯನ ಕಾರ್ಯಕ್ಕಾಗಿಯೇ ಸತ್ತಿತೆಂಬುದನ್ನು ಮರೆಯಲಾಗದು. ಅದನ್ನು ಯಾರೂ ಕೇಳಿ ಬೇಟೆಗೆ ಕರೆದೊಯ್ಯಲಿಲ್ಲ. ಆದರೆ ಅದರ ಹೆಸರನ್ನು ಒಡೆಯನು ಉಳಿಸಿದನು. ಸಾವಿರ ವರ್ಷಗಳ ಮೇಲೆ ಬಂದ ಚಿತ್ರಕಥೆ ಹೇಳುವ ದುಃಖವಾದರೋ, ಆಯುಧವಾದ ಪ್ರಾಣಿಗೆ ಅಷ್ಟೂ ಉಳಿಯಲಿಲ್ಲವೆಂಬುದು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಹೊರೆಯ ಲೆಕ್ಕವನ್ನು ಯಂತ್ರಶಕ್ತಿ ತೀರಿಸೀತೆಂದು ಒಪ್ಪಿದರೂ, ಶಾಖದ ಪ್ರಶ್ನೆಗೆ ಚಿತ್ರಕಾರನು ಉತ್ತರ ಕೊಟ್ಟಿಲ್ಲ. ಏದುಸಿರು ಬಿಡುವ ನಾಯಿಯನ್ನು ಕೆಲವೆಡೆ ತೋರಿಸಿದ್ದರೆ ಕವಚದ ಕಷ್ಟ ಓದುಗನ ಮೈಗೆ ತಟ್ಟುತ್ತಿತ್ತು. ಇನ್ನೊಂದು ದೋಷ ಹೆಚ್ಚಿನದು. ಕೊಲೆಯ ಪುಟಗಳನ್ನು ಅತಿಶಯವಾದ ನೈಪುಣ್ಯದಿಂದ ಬರೆದಿರುವುದರಿಂದ ಯಾವ ಯಂತ್ರವನ್ನು ಕಂಡು ವ್ಯಥೆಪಡಬೇಕೋ ಅದನ್ನೇ ಕಣ್ಣು ಮೆಚ್ಚತೊಡಗುತ್ತದೆ. ಕರುಣವು ಪ್ರಧಾನರಸವಾಗಿರುವ ಕಥೆಯಲ್ಲಿ ರೌದ್ರವು ತನ್ನ ಅಳತೆಯನ್ನು ಮೀರಿದೆ ಎನ್ನಬೇಕಾಗಿದೆ.

ಈ ಕೊರತೆಯನ್ನು ಕಥಾಂತ್ಯವು ಬಹುಮಟ್ಟಿಗೆ ತುಂಬುತ್ತದೆ. ಮೊಲವು ಮನೆಯನ್ನು ಕಾಣದೆ ಸಾಯುತ್ತದೆ. ನಾಯಿಬೆಕ್ಕುಗಳು ಕವಚವನ್ನು ಕಳಚುತ್ತವೆ. ಅದು ತನ್ನ ಮೇಲಿನ ಹೊದಿಕೆ, ತಾನಲ್ಲ ಎಂಬ ತಿಳಿವು ನಾಯಿಗೆ ಆಗ ಬರುತ್ತದೆ. ಕವಚದೊಳಗೆ ಸೊರಗಿದ ಆ ಬರಿಮೈಗಳನ್ನು ಕಂಡಾಗ ಹಿಂದಿನ ಪುಟಗಳಲ್ಲಿ ಮೆಚ್ಚಿದ ಯಂತ್ರದ ಸೊಗಸೆಲ್ಲ ಓದುಗನಿಗೆ ನಾಚಿಕೆಯನ್ನು ತರುತ್ತದೆ. ಪಂಚತಂತ್ರದ ಸಂಜೀವಕನು ನೊಗದಡಿಯಲ್ಲಿ ಕುಸಿದು ಕಾಡಿನಲ್ಲಿ ಬಿಡಲ್ಪಟ್ಟು, ಹುಲ್ಲು ಮೇದು, ತನ್ನ ಸ್ವಂತ ಬಲದಿಂದ ಗರ್ಜಿಸಿದುದು ಇಲ್ಲಿ ಸ್ಮರಣೀಯ.

ಕನ್ನಡದಲ್ಲಿ ಇಂತಹ ಚಿತ್ರಕಥೆಯನ್ನು ರಚಿಸುವವರಿಗೆ ಇದರಿಂದ ದೊರೆಯುವ ಸೂಚನೆ ಸ್ಪಷ್ಟವಾಗಿದೆ. ಪ್ರಾಣಿಯ ಎಲುಬು, ನಡಿಗೆ, ಉಸಿರುಗಳಿಂದ ರಚನೆಯನ್ನು ಪ್ರಾರಂಭಿಸಬೇಕು. ಆಮೇಲೆ ಆ ಕವಚದ ಗಂಟು ಎಲ್ಲಿದೆ, ಅದನ್ನು ಬಿಚ್ಚುವವರು ಯಾರು ಎಂಬುದನ್ನು ಚಿತ್ರದಲ್ಲಿಯೇ ತೋರಿಸಬೇಕು. ಮಾಯಸಂದ್ರದ ಬೇಸಾಯಗಾರನು ಹೊತ್ತು ಮುಳುಗುವಾಗ ಎತ್ತಿನ ಕೊರಳ ಕಣ್ಣಿಯನ್ನು ಬಿಚ್ಚಿ, ನೊಗವನ್ನಿಳಿಸಿ, ಹೆಗಲನ್ನು ಕೈಯಿಂದ ಸವರಿ ನೋಡುತ್ತಿದ್ದನು. ಪ್ರಯೋಗಶಾಲೆಯ ಪ್ರಾಣಿಗಳಿಗೆ ಅಂತಹ ಸಾಯಂಕಾಲವನ್ನು ಯಾರೂ ಗೊತ್ತುಮಾಡಿರಲಿಲ್ಲ. ಅವು ತಾವೇ ಅದನ್ನು ಹುಡುಕಿಕೊಳ್ಳಬೇಕಾಯಿತು.