ಪುಟ್ಟ ಮನೆ: ತಲಾ ಲೆಕ್ಕ ಏನು ಹೇಳುತ್ತದೆ?

ಕಾರ್ಖಾನೆಯಲ್ಲಿ ತಯಾರಾಗಿ, ಲಾರಿಯಲ್ಲಿ ಬಂದು, ನಿವೇಶನದಲ್ಲಿ ಬೋಲ್ಟು ಬಿಗಿದು ನಿಲ್ಲಿಸುವ ಪುಟ್ಟ ಮನೆಗಳ ಗುಣಗಾನವನ್ನು ನೀವೂ ಕೇಳಿರಬಹುದು. ಸಮಯ ಕಡಿಮೆ, ಸಾಮಗ್ರಿ ಕಡಿಮೆ, ವಿದ್ಯುತ್ತೂ ಕಡಿಮೆ ಎನ್ನುತ್ತಾರೆ. ಸಮಯದ ಮಾತು ನಿಜ. 2017ರಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನುಗಳು ಬೇಗ ಎದ್ದು ನಿಂತದ್ದು ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ತಂದು ಜೋಡಿಸಿದ್ದರಿಂದ. ಉಳಿದ ಮಾತುಗಳನ್ನು ಒಪ್ಪುವ ಮೊದಲು ಪೆನ್ಸಿಲ್ ಹಿಡಿಯೋಣ.

ಬೋಗಾದಿಯ ಬಡಾವಣೆಯೊಂದರಲ್ಲಿ 30×40 ಅಡಿ ನಿವೇಶನದ ಮೇಲೆ 10 ಮೀ. ಉದ್ದ, 8 ಮೀ. ಅಗಲ, 3 ಮೀ. ಎತ್ತರದ ಮನೆ ಇದೆ, ಅದರಲ್ಲಿ ನಾಲ್ವರಿದ್ದಾರೆ ಎಂದುಕೊಳ್ಳಿ. ಪಕ್ಕದ ಖಾಲಿ ನಿವೇಶನಕ್ಕೆ 20 ಅಡಿ ಕಂಟೈನರ್ ಅಳತೆಯ (6.06×2.44×2.59 ಮೀ.) ಉಕ್ಕಿನ ಮನೆ ಬಂದಿದೆ, ವಾಸಿ ಒಬ್ಬರೇ. ನೆಲ ಬಿಟ್ಟು ಗೋಡೆ, ಚಾವಣಿಗಳ ಹೊರಮೈಯನ್ನು ಕೂಡಿಸಿ. ದೊಡ್ಡದಕ್ಕೆ 188 ಚದರ ಮೀಟರ್, ಪುಟ್ಟದಕ್ಕೆ ಸುಮಾರು 59. ಪುಟ್ಟ ಮನೆ ಗೆದ್ದಿತೆನ್ನಬೇಡಿ. ತಲಾ ಲೆಕ್ಕದಲ್ಲಿ ದೊಡ್ಡ ಮನೆಗೆ 47, ಪುಟ್ಟ ಮನೆಗೆ 59! ಬಿಸಿಲಿಗೆ ಒಡ್ಡಿಕೊಳ್ಳುವುದು ಈ ಹೊರಮೈಯೇ. ಕಟ್ಟುವ ಸಾಮಗ್ರಿಯ ಬಹುಪಾಲು ಖರ್ಚಾಗುವುದೂ ಇದಕ್ಕೇ.

ಇನ್ನು ಉಕ್ಕಿನ ಸ್ವಭಾವ. 23 ಸೆಂ.ಮೀ. ದಪ್ಪದ ಇಟ್ಟಿಗೆ ಗೋಡೆಯ ಒಂದು ಚದರ ಮೀಟರ್ ಒಂದು ಡಿಗ್ರಿ ಬಿಸಿಯಾಗಲು ಸುಮಾರು 350 ಕಿಲೋಜೂಲ್ ಉಷ್ಣ ಬೇಕು. 2 ಮಿ.ಮೀ. ಉಕ್ಕಿನ ತಗಡಿಗೆ 8 ಸಾಕು. ಇಟ್ಟಿಗೆ ಗೋಡೆ ಮಧ್ಯಾಹ್ನದ ಬಿಸಿಯನ್ನು ಸಂಜೆಯವರೆಗೆ ತಡೆದು ಹಿಡಿಯುತ್ತದೆ. ತಗಡಿಗೆ ಆ ತಾಳ್ಮೆಯಿಲ್ಲ. ಒಳಗೆ ಥರ್ಮಾಕೋಲ್ ಹೊದಿಸಿದರೆ ಉಷ್ಣದ ಹರಿವು ತಗ್ಗೀತು, ಉಷ್ಣಧಾರಕತೆ ಹೆಚ್ಚದು. ಮೈಸೂರಿನ ಅಕ್ಷಾಂಶ 12.3 ಡಿಗ್ರಿ ಉತ್ತರ. ಏಪ್ರಿಲ್ 22 ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಚಳಿದೇಶದಲ್ಲಿ ಮೆಚ್ಚುಗೆ ಪಡೆದ ಪೆಟ್ಟಿಗೆಯನ್ನು ಹಾಗೆಯೇ ಇಲ್ಲಿಗೆ ತಂದರೆ ಉಳಿಸಿದ ವಿದ್ಯುತ್ತನ್ನು ಏರ್ ಕಂಡೀಷನರ್ ನುಂಗುತ್ತದೆ.

ಹಾಗಾದರೆ ಚಿಕ್ಕ ಮನೆಯೇ ತಪ್ಪೆ? ಅಲ್ಲ, ಒಂಟಿಯಾಗಿ ನಿಲ್ಲಿಸುವುದು ತಪ್ಪು. ಅಂಥ ನಾಲ್ಕು ಮನೆಗಳನ್ನು ಉದ್ದನೆಯ ಗೋಡೆಗಳು ತಾಗುವಂತೆ ಸಾಲಾಗಿ ಇಟ್ಟುನೋಡಿ. ಒಟ್ಟು ಹೊರಮೈ 235ರಿಂದ 141 ಚದರ ಮೀಟರಿಗೆ ಇಳಿಯುತ್ತದೆ. ತಲಾ 35, ದೊಡ್ಡ ಮನೆಗಿಂತಲೂ ಕಡಿಮೆ. ತರಗತಿಯಲ್ಲಿ ನಾಲ್ಕು ಬೆಂಕಿಪೊಟ್ಟಣ ಜೋಡಿಸಿ ಮಕ್ಕಳಿಂದಲೇ ಇದನ್ನು ಅಳೆಸಬಹುದು. ನಮ್ಮ ಹಳೆಯ ವಠಾರಗಳು ಇದನ್ನೇ ಮಾಡಿದ್ದವು: ಒಂದೇ ಗೋಡೆಗೆ ಎರಡು ಸಂಸಾರ, ಎಲ್ಲರಿಗೂ ಒಂದೇ ಅಂಗಳ. ಜೋಡಿಸುವ ಘಟಕ ಉಕ್ಕಿನ ಪೆಟ್ಟಿಗೆಯೇ ಆಗಬೇಕೆಂದೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಬೆಳೆಸಿದ, ಗೂಡಿನಲ್ಲಿ ಸುಡದೆ ಯಂತ್ರದಲ್ಲಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯೂ ಒಂದು ಘಟಕವೇ.

ಒಂದು ತೊಡಕು ಉಳಿಯುತ್ತದೆ. ಸಾಲಿನ ನಡುವಣ ಮನೆಗಳಿಗೆ ಕಿಟಕಿ ಇಡಲು ಸಿಗುವುದು 2.44 ಮೀಟರಿನ ಎರಡು ತುದಿಗಳು ಮಾತ್ರ. ಪ್ಲೇಗಿನ ಬಳಿಕ, 1903ರಲ್ಲಿ, ಮೈಸೂರಿನಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಮಂಡಳಿ ಹುಟ್ಟಿದ್ದು ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳ ದೆಸೆಯಿಂದ. ಆದ್ದರಿಂದ ಎರಡೂ ತುದಿಗಳನ್ನು ತೆರೆದಿಟ್ಟು, ಎದುರು ಸಾಲಿನವರೆಗೆ ಅಂಗಳ ಬಿಡಬೇಕು. ಆ ಅಂಗಳದ ಜಾಗವನ್ನೂ ಪುಟ್ಟ ಮನೆಯ ಅಳತೆಗೆ ಸೇರಿಸಿಯೇ ಲೆಕ್ಕ ಕೊಡುವಂತೆ ಮಾರುವವರನ್ನು ಕೇಳಿ.