ಅವಲಂಬನೆಯ ಅನುಪಾತ: ಸಂಸೆಯ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

1

ಒಂದು ಸಮಾಜದಲ್ಲಿ ವೃದ್ಧರ ಪೋಷಣೆಯ ಹೊಣೆ ಎಷ್ಟು ಎಂಬುದನ್ನು ಅಳೆಯಲು ಜನಸಂಖ್ಯಾಶಾಸ್ತ್ರಜ್ಞರು ಬಹುಕಾಲದಿಂದ ಒಂದು ಸರಳವಾದ ಮಾನವನ್ನು ಬಳಸುತ್ತ ಬಂದಿದ್ದಾರೆ. ಅರವತ್ತು ವರ್ಷ ತುಂಬಿದವರ ಸಂಖ್ಯೆಯನ್ನು ಹದಿನೈದರಿಂದ ಐವತ್ತೊಂಬತ್ತು ವರ್ಷದವರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಫಲಕ್ಕೆ ವೃದ್ಧಾಪ್ಯದ ಅವಲಂಬನಾನುಪಾತವೆಂದು ಹೆಸರು. 2011ರ ಜನಗಣತಿಯ ಮೇರೆಗೆ ಭಾರತಕ್ಕೆ ಈ ಅನುಪಾತ 14.2, ಎಂದರೆ ದುಡಿಯುವ ವಯಸ್ಸಿನ ನೂರು ಮಂದಿಗೆ ಸುಮಾರು ಹದಿನಾಲ್ಕು ಮಂದಿ ವೃದ್ಧರು. ಸರ್ಕಾರದ ವರದಿಗಳಲ್ಲಿಯೂ ಕಾಲೇಜಿನ ಪಠ್ಯಗಳಲ್ಲಿಯೂ ಈ ಸಂಖ್ಯೆ ಪ್ರಶ್ನಾತೀತವೆಂಬಂತೆ ಉಲ್ಲೇಖಗೊಳ್ಳುತ್ತದೆ. ಪ್ರಕೃತ ಲೇಖನದಲ್ಲಿ ಈ ಮಾನದ ಗುಣದೋಷಗಳನ್ನು ವಿವೇಚಿಸಿ, ವೈದ್ಯಕೀಯದಲ್ಲಿ ಗಣಿತದ ಮಾದರಿಗಳು ಬೆಳೆದುಬಂದ ರೀತಿಯಿಂದ ಸಾಮಾಜಿಕ ನೀತಿಯು ಕಲಿಯಬಹುದಾದ ಪಾಠವೇನೆಂಬುದನ್ನು ನಿರೂಪಿಸಲಾಗುವುದು.

ಗಣಿತವನ್ನು ದೂಷಿಸುವುದು ಇಲ್ಲಿಯ ಉದ್ದೇಶವಲ್ಲ. ಮನುಷ್ಯರ ಕಷ್ಟಸುಖಗಳು ಲೆಕ್ಕಕ್ಕೆ ಸಿಕ್ಕುವುದಿಲ್ಲವೆಂದು ಕೈಕಟ್ಟಿ ಕುಳಿತರೆ, ಲೆಕ್ಕಕ್ಕೆ ಸಿಕ್ಕದವರಿಗೆ ಸರ್ಕಾರದ ಆಯವ್ಯಯದಲ್ಲಿಯೂ ಸ್ಥಾನ ದೊರೆಯುವುದಿಲ್ಲ. ಆದರೆ ಒಂದು ಮಾನವನ್ನು ಯಾವ ಪ್ರಯೋಜನಕ್ಕಾಗಿ ಕಲ್ಪಿಸಲಾಯಿತೋ ಅದನ್ನು ಬಿಟ್ಟು ಬೇರೊಂದಕ್ಕೆ ಬಳಸಿದಾಗ ಆಗುವ ಅನರ್ಥವನ್ನು ತೋರಿಸುವುದು ವಿಮರ್ಶೆಯ ಕರ್ತವ್ಯ.

2

ಪರೀಕ್ಷೆಗೆ ಒಂದು ನೆಲ ಬೇಕು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿರುವ ಸಂಸೆ, ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ಕಳಸ ತಾಲ್ಲೂಕಿನಲ್ಲಿದೆ. ಕಾಫಿ, ಚಹ, ಅಡಕೆ, ಕಾಳುಮೆಣಸುಗಳ ಸೀಮೆ. ಕಾಡಂಚಿನಲ್ಲಿ ಮಲೆಕುಡಿಯರ ಮನೆಗಳು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಹಳ್ಳ, ತೋಟ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರು ಘಟ್ಟದ ದಾರಿ. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆಯ ಸೇತುವೆ ಮುಳುಗಿ, ಕಳಸ ಹೊರನಾಡುಗಳ ನಡುವಣ ಸಂಪರ್ಕವೇ ಕಡಿದುಹೋದ ಸಂದರ್ಭಗಳು ಅನೇಕ.

ಜಿಲ್ಲೆಯ ಜನಸಂಖ್ಯೆಯ ಚರಿತ್ರೆಯೂ ಗಮನಾರ್ಹವಾದುದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಲೇರಿಯಾದಿಂದ ಮಲೆನಾಡಿನ ಜನ ಕ್ಷೀಣಿಸುತ್ತಿರುವರೆಂಬುದು ಮೈಸೂರು ಸರ್ಕಾರದ ದೊಡ್ಡ ಚಿಂತೆಯಾಗಿತ್ತು. ಆ ಜ್ವರ ಹತೋಟಿಗೆ ಬಂದ ಮೇಲೆ ಜನ ಹೆಚ್ಚಿದರು. ಬಳಿಕ 2001ರಲ್ಲಿ 11,40,905 ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಈ ಇಳಿತ ಜ್ವರದಿಂದಾದುದಲ್ಲ. ಹುಟ್ಟುವವರು ಕಡಿಮೆಯಾದರು, ಪ್ರಾಯದವರು ಬೆಂಗಳೂರು ಮಂಗಳೂರುಗಳಿಗೆ ಹೋದರು. 1976ರಲ್ಲಿ ಸ್ಥಾಪಿತವಾದ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿಯು, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿಯ ಕೆಲಸವನ್ನು ನಿಲ್ಲಿಸಿತು. ಅದನ್ನು ನಂಬಿದ್ದ ದುಡಿಮೆಗಾರರೂ ಚದುರಿದರು. ಹಿಂದೆ ಸಾವು ಮಾಡಿದ್ದ ಕೆಲಸವನ್ನು ಈಗ ವಲಸೆ ಮಾಡಿತು. ಸಾವು ಎಲ್ಲ ವಯಸ್ಸಿನವರನ್ನೂ ಒಯ್ಯುತ್ತಿತ್ತು. ವಲಸೆ ಹೋಗುವವರು ಹೆಚ್ಚಾಗಿ ಪ್ರಾಯದವರು. ವೃದ್ಧಾಪ್ಯದ ಸಮಸ್ಯೆ ಇಲ್ಲಿ ಹುಟ್ಟುವುದು ಈ ವ್ಯತ್ಯಾಸದಿಂದ.

3

ಮೊದಲು ಅನುಪಾತದ ಅಂಶವನ್ನು, ಎಂದರೆ ಮೇಲಿನ ಸಂಖ್ಯೆಯನ್ನು, ಪರಿಶೀಲಿಸೋಣ. ಅರವತ್ತು ಎಂಬ ಗಡಿಗೆ ದೇಹಧರ್ಮದ ಆಧಾರವಿಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದ 1889ರ ಕಾನೂನು ಪಿಂಚಣಿಗೆ ಎಪ್ಪತ್ತು ವರ್ಷವನ್ನು ಗೊತ್ತುಮಾಡಿತ್ತು. 1916ರಲ್ಲಿ ಅದು ಅರವತ್ತೈದಕ್ಕೆ ಇಳಿಯಿತು. ನಮ್ಮಲ್ಲಿ 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಗೆ ಅರವತ್ತು ವರ್ಷ; ಅದೇ ವರ್ಷ ಕರ್ನಾಟಕದಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಗೆ ಅರವತ್ತೈದು ವರ್ಷ. ಒಬ್ಬನೇ ಮನುಷ್ಯ ಒಂದು ಕಚೇರಿಯಲ್ಲಿ ವೃದ್ಧನೆನಿಸಿ ಪಕ್ಕದ ಮೇಜಿನಲ್ಲಿ ವೃದ್ಧನಲ್ಲವೆನಿಸುತ್ತಾನೆ. ಇವು ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆಗಳೇ ಹೊರತು ಪ್ರಕೃತಿ ಎಳೆದವಲ್ಲ.

ಪ್ರಕೃತಿಯ ನಿಯಮವನ್ನು ಹುಡುಕಿದವನು ಬೆಂಜಮಿನ್ ಗಾಂಪರ್ಟ್ಸ್. ಜೀವವಿಮೆಯ ಗಣಿತದಲ್ಲಿ ಪರಿಣತನಾಗಿದ್ದ ಈತ 1825ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಪ್ರಾಯ ಕಳೆದ ಮೇಲೆ ಮರಣದ ಸಂಭವವು ವಯಸ್ಸಿನೊಡನೆ ಗುಣೋತ್ತರ ಶ್ರೇಢಿಯಲ್ಲಿ ಏರುತ್ತದೆಂದು ತೋರಿಸಿದನು. 1860ರಲ್ಲಿ ಮೇಕಮ್ ಎಂಬಾತ ಇದಕ್ಕೆ ವಯಸ್ಸನ್ನು ಅವಲಂಬಿಸದ ಇನ್ನೊಂದು ಪದವನ್ನು, ಅಪಘಾತ ಮೊದಲಾದವುಗಳ ಪಾಲನ್ನು, ಕೂಡಿಸಿದನು. ಸುಮಾರು ಎಂಟು ವರ್ಷಕ್ಕೊಮ್ಮೆ ಮರಣದ ಸಂಭವ ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ಲೆಕ್ಕ. ಅದರಂತೆ ಅರವತ್ತರಲ್ಲಿ ಒಂದು ಎಂದಿರುವ ಸಂಭವ ಅರವತ್ತೆಂಟಕ್ಕೆ ಎರಡು, ಎಪ್ಪತ್ತಾರಕ್ಕೆ ನಾಲ್ಕು, ಎಂಬತ್ತನಾಲ್ಕಕ್ಕೆ ಎಂಟು. ಎಂಟು ಪಟ್ಟು ಅಂತರವಿರುವವರನ್ನು ನಮ್ಮ ಅನುಪಾತ ಒಂದೇ ಬುಟ್ಟಿಗೆ ಹಾಕುತ್ತದೆ.

ಇದನ್ನು ತಿದ್ದುವ ಯತ್ನಗಳು ನಡೆದಿವೆ. 2001ರಲ್ಲಿ ಕೆನಡಾದ ಮಿಟ್ನಿಟ್ಸ್ಕಿ, ರಾಕ್‌ವುಡ್ ಮೊದಲಾದವರು ದೇಹದಲ್ಲಿ ಕೂಡಿಕೊಂಡ ನ್ಯೂನತೆಗಳನ್ನು ಎಣಿಸಿ, ಪರೀಕ್ಷಿಸಿದ ಒಟ್ಟು ಅಂಶಗಳಿಂದ ಭಾಗಿಸಿ, ದೌರ್ಬಲ್ಯದ ಸೂಚ್ಯಂಕವೊಂದನ್ನು ಕಲ್ಪಿಸಿದರು. ಸ್ಯಾಂಡರ್ಸನ್ ಮತ್ತು ಶೆರ್ಬೋವ್ ಎಂಬ ವಿದ್ವಾಂಸರು 2005ರಿಂದ ಈಚೆಗೆ, ಕಳೆದ ವರ್ಷಗಳ ಬದಲು ಉಳಿದ ವರ್ಷಗಳನ್ನು ಎಣಿಸಬೇಕೆಂದು ವಾದಿಸಿದ್ದಾರೆ. ಸರಾಸರಿ ಉಳಿದ ಆಯುಸ್ಸು ಹದಿನೈದು ವರ್ಷಕ್ಕೆ ಇಳಿಯುವ ವಯಸ್ಸೇ ಇವರ ಮತದಲ್ಲಿ ವೃದ್ಧಾಪ್ಯದ ಆರಂಭ. ಈ ಎರಡರಲ್ಲಿ ಮೊದಲನೆಯದೇ ನಮ್ಮ ಸೀಮೆಗೆ ಹೆಚ್ಚು ಒಪ್ಪುತ್ತದೆ. ಏಕೆಂದರೆ ಎರಡನೆಯದೂ ಇಡೀ ಸಮೂಹಕ್ಕೆ ಒಂದೇ ಗಡಿಯನ್ನು ಎಳೆಯುತ್ತದೆ; ಬಾಲ್ಯದಿಂದ ತಲೆಹೊರೆ ಹೊತ್ತವನಿಗೂ ತೋಟದ ಒಡೆಯನಿಗೂ ಸರಾಸರಿ ಒಂದೇ ಆಗಿಬಿಡುತ್ತದೆ.

ವಯಸ್ಸನ್ನು ಬರೆದುಕೊಳ್ಳುವಲ್ಲಿಯೇ ಇನ್ನೊಂದು ತೊಡಕಿದೆ. ಹುಟ್ಟಿದ ದಿನದ ದಾಖಲೆಯಿಲ್ಲದವರು ತಮ್ಮ ವಯಸ್ಸನ್ನು ಸೊನ್ನೆ ಅಥವಾ ಐದರಿಂದ ಕೊನೆಗೊಳ್ಳುವ ಸಂಖ್ಯೆಯಲ್ಲಿ ಹೇಳುವುದು ವಾಡಿಕೆ. ಇದನ್ನು ಅಳೆಯಲು ವಿಪ್ಪಲ್ ಸೂಚ್ಯಂಕವೆಂಬ ಸಾಧನವೇ ಇದೆ. ಭಾರತದ ಜನಗಣತಿಗಳಲ್ಲಿ 60 ಎಂದು ಹೇಳಿದವರು 59 ಅಥವಾ 61 ಎಂದವರಿಗಿಂತ ಬಹಳ ಹೆಚ್ಚು. ಆದಕಾರಣ ನಾವು ಗಡಿಯನ್ನು ಎಳೆದಿರುವುದು ಸರಿಯಾಗಿ ಈ ರಾಶಿಯ ಅಂಚಿನಲ್ಲಿ. ಅಂದಾಜಿನ ಉತ್ತರವೊಂದು ಮನುಷ್ಯನನ್ನು ಪೋಷಕರ ಪಟ್ಟಿಯಿಂದ ಪೋಷಿತರ ಪಟ್ಟಿಗೆ ದಾಟಿಸುತ್ತದೆ.

4

ಛೇದದ ದೋಷ, ಎಂದರೆ ಕೆಳಗಿನ ಸಂಖ್ಯೆಯ ದೋಷ, ಇನ್ನೂ ಗಂಭೀರವಾದುದು. 2011ರ ಗಣತಿ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಮಲೆನಾಡಿನಲ್ಲಿ ಅದು ರೊಬಸ್ಟಾ ಕಾಫಿಯ ಕೊಯ್ಲಿನ ಕಾಲ. ಹೊರಗಿನಿಂದ ಕೆಲಸಕ್ಕೆ ಬಂದು ತೋಟದ ಲೈನುಗಳಲ್ಲಿ ತಂಗಿದವರು ಆ ಅವಧಿಯುದ್ದಕ್ಕೂ ಅಲ್ಲಿಯೇ ಇದ್ದರೆ ಅಲ್ಲಿಯವರೆಂದೇ ಎಣಿಕೆಯಾಗುತ್ತಾರೆ. ಬೆಂಗಳೂರಿನಲ್ಲಿರುವ ಮಗ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾನೆ.

ಒಂದು ಕಾಲ್ಪನಿಕ ಗ್ರಾಮವನ್ನು ಉದಾಹರಿಸಬಹುದು. ದುಡಿಯುವ ವಯಸ್ಸಿನವರು 600, ವೃದ್ಧರು 100 ಇರಲಿ; ಅನುಪಾತ 16.7. ಊರಿನ ಪ್ರಾಯದವರಲ್ಲಿ 100 ಮಂದಿ ಹೊರಟುಹೋಗಿ, ಕೊಯ್ಲಿಗೆ 100 ಮಂದಿ ಹೊರಗಿನವರು ಬಂದರೆ ಅನುಪಾತ ಮತ್ತೆ 16.7. ಕಾಗದದ ಮೇಲೆ ಏನೂ ಬದಲಾಗಿಲ್ಲ. ಆದರೆ ರಾತ್ರಿ ಉಸಿರು ಕಟ್ಟಿದ ಮುದುಕಿಯನ್ನು ಜೀಪಿಗೆ ಎತ್ತಿ ಕೂರಿಸಬೇಕಾದ ಮನೆಯವರು ಊರಿನಲ್ಲಿಲ್ಲ; ಊರಿನವರೇ ಆದ 500 ಮಂದಿಯನ್ನಷ್ಟೇ ಗಣಿಸಿದರೆ ಅನುಪಾತ 20 ಆಗಬೇಕಾಗಿತ್ತು. ಬಂದ ಕೂಲಿಗಾರನೂ ಯಾರದೋ ಮಗನೇ. ಆತನ ತಂದೆತಾಯಿಗಳು ಬೇರೊಂದು ರಾಜ್ಯದ ಹಳ್ಳಿಯಲ್ಲಿ ಇದೇ ಸ್ಥಿತಿಯಲ್ಲಿದ್ದಾರೆ. ಅಲ್ಲಿಯ ಅನುಪಾತ ಏರಿರುವುದಕ್ಕೂ ಇಲ್ಲಿಯದು ಏರದಿರುವುದಕ್ಕೂ ಕಾರಣ ಒಂದೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ದೂರದ ಮಗ ಹಣ ಕಳುಹಿಸುವನಲ್ಲವೇ? ಕಳುಹಿಸುವನು, ಅದನ್ನು ಅಲ್ಲಗಳೆಯಲಾಗದು. ಆದರೆ ಹಣದ ಅವಲಂಬನೆ ಬೇರೆ, ಕೈಯ ಅವಲಂಬನೆ ಬೇರೆ. ಮೊದಲನೆಯದು ದೂರವನ್ನು ದಾಟಬಲ್ಲದು, ಎರಡನೆಯದು ದಾಟಲಾರದು. ಇವೆರಡನ್ನೂ ಒಂದೇ ಸಂಖ್ಯೆಯಲ್ಲಿ ಬೆರೆಸಿದ್ದು ಈ ಮಾನದ ಮೂಲದೋಷವೆನ್ನಬೇಕು. ಮತ್ತೊಂದು ಕಡೆ, ಅರವತ್ತು ದಾಟಿದ ಮೇಲೂ ಹಣ್ಣು ಕೊಯ್ಯುವ, ಕಣದಲ್ಲಿ ಕಾಫಿ ಹರವುವ, ಮೊಮ್ಮಕ್ಕಳನ್ನು ಸಾಕುವ ಹೆಂಗಸರು ಈ ಸೀಮೆಯಲ್ಲಿ ಅಪರೂಪವಲ್ಲ. ಅವರನ್ನು ಅನುಪಾತ ಪೋಷಿತರೆಂದೇ ಬರೆಯುತ್ತದೆ.

5

ಮಾದರಿಯೊಂದು ಜನರ ನಡೆಯನ್ನು ವಿಚಾರಿಸಿ ತಿಳಿದು ಉಪಕಾರವಾದ ನಿದರ್ಶನ ನಮ್ಮ ರಾಜ್ಯದಲ್ಲಿಯೇ ಇದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿ ಕೆಲಸಮಾಡುತ್ತಿದ್ದ ಹಾನ್ಸ್ ವಾಲರ್, ಆಂಟನ್ ಗೆಸರ್, ಸ್ಟಿಗ್ ಆಂಡರ್ಸನ್ ಇವರು 1962ರಲ್ಲಿ ಕ್ಷಯದ ಪ್ರಸರಣಕ್ಕೆ ಗಣಿತದ ಮಾದರಿಯೊಂದನ್ನು ಪ್ರಕಟಿಸಿದರು. ಈ ರೋಗದ ವಿಷಯದಲ್ಲಿ ಅದು ಮೊತ್ತಮೊದಲ ಯತ್ನಗಳಲ್ಲೊಂದು. ಸೋಂಕು ತಗಲದವರು, ತಗಲಿಯೂ ರೋಗ ಕಾಣದವರು, ರೋಗಿಗಳು ಎಂದು ಜನರನ್ನು ಮೂರು ವರ್ಗ ಮಾಡಿ, ಒಂದರಿಂದ ಇನ್ನೊಂದಕ್ಕೆ ಸಾಗುವ ಗತಿಯನ್ನು ಸಮೀಕರಣಗಳಲ್ಲಿ ಹಿಡಿದದ್ದು ಅದರ ಕ್ರಮ.

ಆದರೆ ಆ ಸಂಸ್ಥೆಯ ಹಿರಿಮೆ ಸಮೀಕರಣಗಳಲ್ಲಿ ಮುಗಿಯಲಿಲ್ಲ. ಡಿ. ಬ್ಯಾನರ್ಜಿ ಎಂಬ ವೈದ್ಯರು ಆಂಡರ್ಸನ್ನರೊಡನೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ವಿಚಾರಿಸಿ 1963ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರನ್ನು ಮನೆಮನೆಗೆ ಹೋಗಿ ಹುಡುಕಬೇಕು ಎಂಬುದು ಆಗಿನ ನಂಬಿಕೆ. ವಿಚಾರಿಸಿ ನೋಡಿದರೆ, ಕಫದಲ್ಲಿ ರೋಗಾಣು ಕಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳುಹಿಸುವುದು ರೂಢಿಯಾಗಿತ್ತು. ಹಾಗಾದರೆ ಕೊರತೆ ಇದ್ದದ್ದು ರೋಗಿಯ ಅರಿವಿನಲ್ಲಲ್ಲ, ಆಸ್ಪತ್ರೆಯ ಬಾಗಿಲಿನಲ್ಲಿ. ಕ್ಷಯದ ರಾಷ್ಟ್ರೀಯ ಕಾರ್ಯಕ್ರಮವನ್ನು ಸಾಮಾನ್ಯ ಆರೋಗ್ಯ ಸೇವೆಯೊಡನೆ ಕೂಡಿಸಿ ಜಿಲ್ಲೆಯನ್ನು ಘಟಕವನ್ನಾಗಿ ಮಾಡಿದ್ದಕ್ಕೆ ಈ ಬಗೆಯ ವಿಚಾರಣೆಯ ಬಲವಿತ್ತು.

ವೃದ್ಧಾಪ್ಯದ ವಿಷಯದಲ್ಲಿ ಇದಕ್ಕೆ ಸಮಾನವಾದ ಸಾಮಗ್ರಿ ಈಗ ದೊರೆಯತೊಡಗಿದೆ. ನಾಲ್ವತ್ತೈದು ದಾಟಿದ 72,250 ಮಂದಿಯನ್ನು 2017 ಮತ್ತು 2018ರಲ್ಲಿ ವಿಚಾರಿಸಿದ ರಾಷ್ಟ್ರೀಯ ಅಧ್ಯಯನದ ವರದಿ 2021ರಲ್ಲಿ ಹೊರಬಂದಿತು. ಸ್ನಾನ, ಊಟ, ನಡೆದಾಟಗಳಲ್ಲಿ ಯಾರಿಗೆ ಎಷ್ಟು ನೆರವು ಬೇಕೆಂಬುದನ್ನು ಅದು ಕೇಳಿದೆ. ಇದು ಸ್ತುತ್ಯವಾದ ಕಾರ್ಯ. ಆದರೆ ರಾಜ್ಯಕ್ಕೆ ಪ್ರತಿನಿಧಿಯಾಗುವಂತೆ ಆಯ್ದ ಮಾದರಿಯಿಂದ ಒಂದು ತಾಲ್ಲೂಕಿನ ಸ್ಥಿತಿಯನ್ನು ಊಹಿಸಲಾಗದು. ಆ ಕೆಲಸ ಸಮೀಪದ ಕಾಲೇಜುಗಳ ಪಾಲಿಗೆ ಉಳಿದಿದೆ.

6

ಇಷ್ಟು ವಿವೇಚನೆಯಿಂದ ಆಗುವ ಪ್ರಯೋಜನವೇನು? ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸಲು ಬಯಲುಸೀಮೆಯಲ್ಲಿ 30,000, ಬೆಟ್ಟಗುಡ್ಡಗಳ ಸೀಮೆಯಲ್ಲಿ 20,000 ಜನಕ್ಕೆ ಒಂದೆಂಬ ನಿಯಮವಿದೆ. ಬೆಟ್ಟದ ಸೀಮೆಗೆ ತೋರಿಸಿದ ಈ ರಿಯಾಯಿತಿ ನ್ಯಾಯವಾದುದೇ. ಆದರೆ ತಲೆಯ ಎಣಿಕೆಯೇ ಇಲ್ಲಿಯೂ ಆಧಾರ. ಪ್ರಾಯದವರು ಹೊರಟು ಜನಸಂಖ್ಯೆ ಇಳಿದಂತೆಲ್ಲ ನಿಯಮದ ಪ್ರಕಾರ ಸೇವೆಯ ಹಕ್ಕೂ ಇಳಿಯುತ್ತದೆ; ಉಳಿದವರಲ್ಲಿ ವೃದ್ಧರ ಪಾಲು ಏರುವುದರಿಂದ ತಲೆಯೊಂದಕ್ಕೆ ಬೇಕಾದ ಸೇವೆ ಮಾತ್ರ ಏರುತ್ತದೆ. ಅಗತ್ಯ ಮೇಲಕ್ಕೂ ಹಂಚಿಕೆ ಕೆಳಕ್ಕೂ ಹೋಗುವ ಈ ಸೂತ್ರ ಚಿಕ್ಕಮಗಳೂರಿನಂಥ ಜಿಲ್ಲೆಗೆ ಅಪಾಯಕರ. ಕರ್ನಾಟಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 2019–20ರ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿರುವಾಗ ಇತರ ಜಿಲ್ಲೆಗಳೂ ನಾಳೆ ಇದೇ ಹಾದಿಗೆ ಬರತಕ್ಕವು.

ಪಿಂಚಣಿಯಲ್ಲಿಯೂ ಇದೇ ಬಗೆಯ ಒರಟುತನವಿದೆ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಅರವತ್ತರಿಂದ ಎಪ್ಪತ್ತೊಂಬತ್ತರವರೆಗೆ ತಿಂಗಳಿಗೆ 200 ರೂಪಾಯಿ, ಎಂಬತ್ತಕ್ಕೆ 500 ರೂಪಾಯಿ ಎಂದು 2011ರಲ್ಲಿ ಗೊತ್ತಾಯಿತು. ಮೊತ್ತದ ಅಲ್ಪತೆಯನ್ನು ಒತ್ತಟ್ಟಿಗಿಟ್ಟರೂ, ಗಾಂಪರ್ಟ್ಸನ ರೇಖೆ ಸತತವಾಗಿ ಏರುವಲ್ಲಿ ನೀತಿ ಒಂದೇ ಒಂದು ಮೆಟ್ಟಿಲನ್ನು ಕಟ್ಟಿದೆ. ಆ ಮೆಟ್ಟಿಲನ್ನು ತಲುಪುವ ಮೊದಲೇ ಕುಗ್ಗಿದವರಿಗೆ ಅದರಿಂದ ಫಲವಿಲ್ಲ.

ಆದುದರಿಂದ ಮೂರು ಸಲಹೆಗಳನ್ನು ಮುಂದಿಡಬಹುದು. ಮೊದಲನೆಯದು, ಅವಲಂಬನಾನುಪಾತವನ್ನು ದೇಶ ಅಥವಾ ರಾಜ್ಯದ ಹಣಕಾಸಿನ ಮುನ್ನೋಟಕ್ಕೆ ಸೀಮಿತಗೊಳಿಸಿ, ಗ್ರಾಮದ ಸೇವೆಯ ಹಂಚಿಕೆಗೆ ಅದನ್ನು ಬಳಸದಿರುವುದು. ಎರಡನೆಯದು, ವಯಸ್ಸಿನ ಜೊತೆಗೆ ದೌರ್ಬಲ್ಯವನ್ನೂ, ಮನೆಯಲ್ಲಿ ವಾಸಿಸುವ ಪ್ರಾಯದವರ ಸಂಖ್ಯೆಯನ್ನೂ ಆಶಾ ಕಾರ್ಯಕರ್ತೆಯರ ಮೂಲಕ ವರ್ಷಕ್ಕೊಮ್ಮೆ ಬರೆದಿಡುವುದು. ಅದಕ್ಕೆ ತಕ್ಕ ಸಂಭಾವನೆಯನ್ನು ಅವರಿಗೆ ಕೊಡುವುದು. ಮೂರನೆಯದು, ಆಸ್ಪತ್ರೆಯ ದೂರವನ್ನು ಕಿಲೋಮೀಟರಿನ ಬದಲು ಗಂಟೆಗಳಲ್ಲಿ, ಅದೂ ಆಷಾಢ ಶ್ರಾವಣಗಳ ಗಂಟೆಗಳಲ್ಲಿ, ಅಳೆಯುವುದು. ಬೇಸಗೆಯಲ್ಲಿ ಸಮೀಪವಿರುವ ವೈದ್ಯ ಜುಲೈ ತಿಂಗಳಿನಲ್ಲಿ ಸಮೀಪದವನಲ್ಲ.

ಈ ಮೂರು ಸಲಹೆಗಳಿಗೂ ಉನ್ನತ ಗಣಿತ ಬೇಕಾಗಿಲ್ಲ. ಸಂಸೆಯಂಥ ಒಂದು ಗ್ರಾಮದ ಮನೆಗಳನ್ನು ಮಳೆಗಾಲದಲ್ಲೊಮ್ಮೆ, ಕೊಯ್ಲಿನ ಕಾಲದಲ್ಲೊಮ್ಮೆ ಎಣಿಸಿ ಎರಡು ಪಟ್ಟಿಗಳನ್ನೂ ಹೋಲಿಸಿದರೆ ಸಾಕು. ಅನುಪಾತ ಮರೆಮಾಡುವ ಬಹುಭಾಗ ಹೊರಬೀಳುತ್ತದೆ. ಜಿಲ್ಲೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸವನ್ನು ಕೈಗೊಂಡು, ದೊರೆತ ಫಲವನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಿದರೆ ವಿಮರ್ಶೆ ಸಾರ್ಥಕವಾಗುವುದು.